ಎಡೆದೊರೆ ನಾಡಿನ ಚಿನ್ನದಂಗಡಿಗಳು

ರಾಯಚೂರು ಜಿಲ್ಲೆಯಲ್ಲಿ ಚಿನ್ನ ನೆಲದಡಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಗಣಿ ನಡೆಯುತ್ತಿದೆ. ರಾಯಚೂರಿನ ಸರಾಫ್ ಬಜಾರಿನಲ್ಲಿ ಅಪ್ಪ, ಮಗ, ಮೊಮ್ಮಗ ಒಂದೇ ಗಾದಿಯ ಮೇಲೆ ಕೂತು ನಡೆಸಿಕೊಂಡು ಬಂದ ಚಿನ್ನ ಬೆಳ್ಳಿಯ ಅಂಗಡಿಗಳಿವೆ. ಗಣಿ ಸರ್ಕಾರದ್ದು, ಅಂಗಡಿ ಮನೆತನದ್ದು. ಗಣಿಯ ಚಿನ್ನ ಗಟ್ಟಿಯ ರೂಪದಲ್ಲಿ ಸಗಟು ಮಾರಾಟಕ್ಕೆ ಹೊರಗೆ ಹೋಗುತ್ತದೆ. ಅಂಗಡಿಯ ಚಿನ್ನ ದೊಡ್ಡ ಊರುಗಳ ಸಗಟು ಪೇಟೆಯಿಂದ ಒಳಗೆ ಬರುತ್ತದೆ. ಭಾರತ ಸಾಮಾನ್ಯವಾಗಿ ವರ್ಷಕ್ಕೆ ಏಳೆಂಟು ನೂರು ಟನ್ ಚಿನ್ನ ಆಮದು ಮಾಡಿಕೊಳ್ಳುವಾಗ ಹಟ್ಟಿಯ ಉತ್ಪಾದನೆ ವರ್ಷಕ್ಕೆ ಎರಡು ಟನ್ನನ್ನೂ ಮುಟ್ಟುವುದಿಲ್ಲ. ಆದ್ದರಿಂದ ಈ ನಾಡಿನ ಚಿನ್ನದಂಗಡಿಯ ಚರಿತ್ರೆಯನ್ನು ಗಣಿಯೊಂದರಲ್ಲೇ ಹುಡುಕಿದರೆ ಅದು ಪೂರ್ತಿ ಸಿಗುವುದಿಲ್ಲ. ಹತ್ತಿ, ಜೋಳ, ಭತ್ತದ ಫಸಲಿನಲ್ಲಿ, ಮದುವೆಯ ಮಾತುಕತೆಯಲ್ಲಿ, ಗಲ್ಲೆಯ ಪಕ್ಕದ ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಅದರ ದೊಡ್ಡ ಪಾಲು ಅಡಗಿದೆ. ಅದನ್ನು ನೋಡಲು ರಾಯಚೂರು ನಗರದಿಂದ ದೇವದುರ್ಗಕ್ಕೆ, ಅಲ್ಲಿಂದ ಮಾನ್ವಿಗೆ ಸಾಗುವ ದಾರಿ ಸಾಕು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದವು. ಇಲ್ಲಿ ಚಿನ್ನದ ನಂಟು ಬಹಳ ಹಿಂದಿನದು. 1915ರಲ್ಲಿ ಮಸ್ಕಿಯ ಬಂಡೆಯೊಂದರ ಮೇಲೆ ಅಶೋಕನ ಶಾಸನವನ್ನು ಗುರುತಿಸಿದವನು ಬೀಡನ್ ಎಂಬ ಗಣಿ ಎಂಜಿನಿಯರ್. ಅವನು ಈ ಸೀಮೆಯಲ್ಲಿ ಓಡಾಡುತ್ತಿದ್ದದ್ದೇ ಚಿನ್ನದ ಜಾಡು ಹಿಡಿದು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳಿದ ಆ ಶಾಸನ ಭಾರತದ ಚರಿತ್ರೆಯ ದೊಡ್ಡ ಒಗಟೊಂದನ್ನು ಬಿಡಿಸಿತು. ಮೌರ್ಯರ ಶಾಸನಗಳು ಪಾಟಲಿಪುತ್ರದಿಂದ ಇಷ್ಟು ದೂರದ ದಖ್ಖನ್ನಿನಲ್ಲಿ ಏಕೆ ಗುಂಪುಗೂಡಿವೆ ಎಂಬ ಪ್ರಶ್ನೆಗೆ ಇಲ್ಲಿನ ಚಿನ್ನವೂ ಒಂದು ಕಾರಣವಿರಬೇಕೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಹಟ್ಟಿಯಲ್ಲಿ ಆಧುನಿಕ ಯಂತ್ರಗಳು ಇಳಿಯುವ ಎಷ್ಟೋ ಮೊದಲೇ ಜನ ನೂರಾರು ಅಡಿ ಆಳಕ್ಕೆ ಬಂಡೆ ಸೀಳಿಕೊಂಡು ಇಳಿದಿದ್ದರು. ಬಂಡೆಗೆ ಬೆಂಕಿ ಹಾಕಿ, ಕಾದ ಮೇಲೆ ನೀರು ಸುರಿದು, ಬಿರುಕು ಬಿಟ್ಟ ಕಲ್ಲನ್ನು ಒಡೆದು ತೆಗೆಯುವುದು ಅವರ ಪದ್ಧತಿ. ಆ ಕಾಲದ ಗಣಿಯಲ್ಲಿ ಉಳಿದಿದ್ದ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷವೆಂದು ಪರೀಕ್ಷೆಗಳು ಹೇಳಿವೆ.

ಅಕ್ಕಸಾಲಿಗರ ನೆನಪೂ ಈ ನಾಡಿನ ರಾಜಕೀಯ ಚರಿತ್ರೆಯೊಳಗೆ ಸೇರಿಕೊಂಡಿದೆ. 1406ರ ಸುಮಾರಿಗೆ ವಿಜಯನಗರದ ಒಂದನೆಯ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಷಾನಿಗೂ ನಡೆದ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳು ನೆಪವಾದಳೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ರಾಯ ಕಳಿಸಿದ ಆಭರಣಗಳನ್ನು ಅವಳು ಒಲ್ಲೆನೆಂದಳು. ಅವಳನ್ನು ಹಿಡಿದು ತರಲು ಹೊರಟ ಸೈನ್ಯದಿಂದಾಗಿ ಎರಡು ರಾಜ್ಯಗಳು ಕಾದಾಡಿದವು. ಕೊನೆಗೆ ಅವಳು ಸುಲ್ತಾನನ ಮಗನ ಕೈಹಿಡಿದಳು. ಫೆರಿಷ್ತಾ ಬರೆದದ್ದು ಘಟನೆ ನಡೆದು ಇನ್ನೂರು ವರ್ಷಗಳ ನಂತರ, ಅದೂ ಗೆದ್ದವರ ಕಡೆಯಿಂದ. ಆದ್ದರಿಂದ ಕಥೆಯನ್ನು ಇದ್ದಂತೆಯೇ ನಂಬಬೇಕಾಗಿಲ್ಲ. ಎರಡು ರಾಜ್ಯಗಳು ಎರಡು ನದಿಗಳ ನಡುವಿನ ಈ ದೋಆಬಕ್ಕಾಗಿ ತಲೆಮಾರುಗಳ ಕಾಲ ಹೊಡೆದಾಡಿದ್ದಕ್ಕೆ ಫಲವತ್ತಾದ ಎರೆನೆಲ, ಮುದಗಲ್ ಮತ್ತು ರಾಯಚೂರಿನ ಕೋಟೆಗಳು, ವ್ಯಾಪಾರದ ದಾರಿಗಳು ಸಾಕಷ್ಟು ಕಾರಣಗಳೇ. ಆದರೂ ಕೋಟೆಯೂರಿನ ಅಕ್ಕಸಾಲಿಗನ ಮನೆ ಅರಮನೆಯ ಕಿವಿಗೆ ಬೀಳುವಷ್ಟು ಪರಿಚಿತವಾಗಿರಬಲ್ಲದು ಎಂದು ಆ ಕಾಲದ ಕೇಳುಗರಿಗೆ ಸಹಜವಾಗಿಯೇ ತೋರಿರಬೇಕು.

ರಾಯಚೂರಿನ ಕೋಟೆ 1294ರದ್ದು. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ್ದೆಂದು ಗೋಡೆಯಲ್ಲಿ ಕೂಡಿಸಿದ ನಲವತ್ತು ಅಡಿಗೂ ಉದ್ದದ ಕಲ್ಲಿನ ಮೇಲೆ ಬರೆದಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. 1520ರಲ್ಲಿ ಕೃಷ್ಣದೇವರಾಯ ಈ ಕೋಟೆಯನ್ನು ಬಿಜಾಪುರದ ಆದಿಲ್‌ಷಾಹಿಯಿಂದ ಗೆದ್ದುಕೊಂಡ. ಮುಂದೆ ಊರು ಹೈದರಾಬಾದಿನ ನಿಜಾಮರಿಗೆ ಸೇರಿತು. 1853ರಲ್ಲಿ ಸಾಲದ ಬಾಬತ್ತಿಗೆ ದೋಆಬವನ್ನು ಬ್ರಿಟಿಷರಿಗೆ ಒಪ್ಪಿಸಿದ ನಿಜಾಮ, 1860ರಲ್ಲಿ ಅದನ್ನು ಮರಳಿ ಪಡೆದ. ಅಂಗಡಿಗಳ ಚರಿತ್ರೆಗೆ ಇವೆಲ್ಲಕ್ಕಿಂತ ಮುಖ್ಯವಾದ ವರ್ಷ 1871. ಆ ವರ್ಷ ಮುಂಬೈಯಿಂದ ಬಂದ ರೈಲು ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ಕೋಟೆಯ ಊರು ಪೇಟೆಯ ಊರಾಯಿತು. ಹತ್ತಿ, ಶೇಂಗಾ, ಜೋಳ ರೈಲಿನಲ್ಲಿ ಹೊರಟವು. ಬೆಳ್ಳಿ, ಚಿನ್ನ, ಬಟ್ಟೆ ರೈಲಿನಲ್ಲಿ ಬಂದವು. ಮಾರವಾಡಿ, ಗುಜರಾತಿ ವರ್ತಕರೂ ಹಳಿಯ ಜಾಡಿನಲ್ಲೇ ಬಂದು ನೆಲೆಸಿದರು. ಇಲ್ಲಿನ ವೈಶ್ಯರು, ಲಿಂಗಾಯತ ವರ್ತಕರು, ವಿಶ್ವಕರ್ಮ ಸಮುದಾಯದ ಅಕ್ಕಸಾಲಿಗರಾದ ಪತ್ತಾರರ ಸಾಲಿಗೆ ಅವರೂ ಸೇರಿಕೊಂಡರು.

ಸರಾಫರ ಮೊದಲಿನ ಕೆಲಸ ಆಭರಣ ಮಾರುವುದಕ್ಕಿಂತ ನಾಣ್ಯ ನೋಡುವುದು. ನಿಜಾಮರ ಸೀಮೆಯಲ್ಲಿ ಹಾಲಿ ಸಿಕ್ಕಾ ರೂಪಾಯಿ ನಡೆಯುತ್ತಿತ್ತು. ತುಂಗಭದ್ರೆ ದಾಟಿದರೆ ಬ್ರಿಟಿಷರ ಕಲ್ದಾರ್ ರೂಪಾಯಿ. ಎರಡಕ್ಕೂ ಬೆಲೆ ಬೇರೆ, ಬೆಳ್ಳಿಯ ಅಂಶ ಬೇರೆ. ಗಡಿಯ ರೈಲು ಪಟ್ಟಣದಲ್ಲಿ ಹತ್ತಿ ಮಾರಿ ಬಂದ ರೈತನ ಕೈಯಲ್ಲಿ ಎರಡು ಬಗೆಯ ರೂಪಾಯಿಯೂ ಇರುವುದು ಸಹಜ. ಅದನ್ನು ಕುಟ್ಟಿ ಸದ್ದು ಕೇಳಿ, ತೂಕ ಹಾಕಿ, ವಟಾವು ಹಿಡಿದು ಬದಲಿಸಿಕೊಡುವವನೇ ಸರಾಫ. ಹಾಗೆ ಕೈಗೆ ಬಂದ ಹಣದಲ್ಲಿ ಒಂದಿಷ್ಟನ್ನು ರೈತ ಅಲ್ಲಿಯೇ ಒಡವೆಯಾಗಿ ಬದಲಿಸಿಕೊಳ್ಳುತ್ತಿದ್ದ. ಬ್ಯಾಂಕು ಕಾಣದ ಸೀಮೆಯಲ್ಲಿ ಹೆಂಡತಿಯ ಕೊರಳು, ತೋಳು, ಕಾಲೇ ಅವನ ತಿಜೋರಿ. ಮುಂಗಾರು ಕೈಕೊಟ್ಟ ವರ್ಷ ಅದೇ ಒಡವೆ ಅದೇ ಅಂಗಡಿಗೆ ಗಿರವಿಗೆ ಬರುತ್ತಿತ್ತು. ನಾಣ್ಯ ಬದಲಿ, ಒಡವೆ ಮಾರಾಟ, ಗಿರವಿ, ಬಡ್ಡಿ ಇವೆಲ್ಲವೂ ಒಂದೇ ಗಾದಿಯ ಮೇಲೆ ನಡೆಯುತ್ತಿದ್ದ ಕಾಲ ಅದು. ಆ ಗಾದಿಗೆ ಬಡ್ಡಿಯ ಕಹಿಯೂ ಅಂಟಿತ್ತೆಂಬುದನ್ನು ಮರೆಯುವಂತಿಲ್ಲ. ಬರಗಾಲದ ಸೀಮೆಯಲ್ಲಿ ಗಿರವಿಯಿಟ್ಟ ಒಡವೆ ಎಲ್ಲವೂ ಮನೆಗೆ ಮರಳುತ್ತಿರಲಿಲ್ಲ. ಮುಂದೆ 1961ರಲ್ಲಿ ಲೇವಾದೇವಿಗೂ ಗಿರವಿಗೂ ರಾಜ್ಯ ಪ್ರತ್ಯೇಕ ಕಾಯ್ದೆಗಳನ್ನು ತಂದದ್ದು ಈ ಕಾರಣಕ್ಕೇ.

ಅಂಗಡಿಯಲ್ಲಿ ಎಲ್ಲಕ್ಕಿಂತ ಚಿಕ್ಕದಾದರೂ ಎಲ್ಲಕ್ಕಿಂತ ಬೆಲೆಯುಳ್ಳ ಸಾಮಾನು ಒರೆಗಲ್ಲು. ಅಂಗೈಯಗಲದ, ನುಣುಪಾದ ಕರಿಯ ಕಲ್ಲು. ತಂದ ಒಡವೆಯನ್ನು ಅದರ ಮೇಲೆ ಒತ್ತಿ ಎಳೆದರೆ ಹಳದಿ ಗೆರೆ ಮೂಡುತ್ತದೆ. ಪಕ್ಕದಲ್ಲೇ ಗೊತ್ತಿರುವ ಗುಣಮಟ್ಟದ ಒರೆಕಡ್ಡಿಯಿಂದ ಮತ್ತೊಂದು ಗೆರೆ ಎಳೆಯುತ್ತಾರೆ. ಎರಡರ ಮೇಲೂ ಆಮ್ಲದ ಹನಿ ತಾಗಿಸಿದಾಗ ತಾಮ್ರ ಹೆಚ್ಚಿದ್ದ ಗೆರೆ ಬೇಗ ಮಾಸುತ್ತದೆ, ಚೊಕ್ಕ ಚಿನ್ನದ ಗೆರೆ ನಿಲ್ಲುತ್ತದೆ. ಕಲ್ಲು ಎಲ್ಲರ ಬಳಿಯೂ ಒಂದೇ. ಎರಡು ಗೆರೆಗಳ ನಡುವಿನ ಬಣ್ಣದ ಅಂತರವನ್ನು ಓದುವ ಕಣ್ಣು ಮಾತ್ರ ಅಪ್ಪನ ಪಕ್ಕದಲ್ಲಿ ವರ್ಷಗಟ್ಟಲೆ ಕೂತ ಮಗನಿಗೇ ದಕ್ಕುತ್ತಿತ್ತು. ಚಿನ್ನದ ವ್ಯಾಪಾರ ಮನೆತನದ ವ್ಯಾಪಾರವಾಗಿ ಉಳಿದದ್ದಕ್ಕೆ ಇದು ದೊಡ್ಡ ಕಾರಣ. ಬೆಲೆಬಾಳುವ ಸರಕನ್ನು ಪರರ ಕೈಗೆ ಬಿಡಲಾಗದು, ವಿದ್ಯೆಯನ್ನು ಪುಸ್ತಕದಿಂದ ಕಲಿಯಲಾಗದು, ಗಿರಾಕಿಯ ಮನೆಯ ಸಂಗತಿ ಹೊರಗೆ ಹೋಗಬಾರದು. ಈ ಮೂರೂ ಕೂಡಿದ ಕಡೆ ರಕ್ತಸಂಬಂಧವೇ ಆಡಳಿತವಾಗುತ್ತದೆ.

ಒಂದು ಅಂಗಡಿ ನಾಲ್ಕಾಗುವುದೂ ಇದೇ ಸಂಬಂಧದಿಂದ. ನಾಲ್ವರು ಅಣ್ಣತಮ್ಮಂದಿರು ಒಂದೇ ಗಲ್ಲೆಯಲ್ಲಿ ಕೂರುವಂತಿಲ್ಲ. ಹಿರಿಯನಿಗೆ ಹಳೆಯ ಅಂಗಡಿ, ಎರಡನೆಯವನಿಗೆ ಅದೇ ಊರಿನ ಹೊಸ ಬಡಾವಣೆ, ಮೂರನೆಯವನಿಗೆ ತಾಲ್ಲೂಕಿನ ಊರು, ನಾಲ್ಕನೆಯವನಿಗೆ ಮತ್ತೊಂದು. ಬೋರ್ಡಿನ ಮೇಲೆ ಎಲ್ಲ ಕಡೆಯೂ ಅಜ್ಜನ ಹೆಸರೇ. ಈ ಬಗೆಯ ಬೆಳವಣಿಗೆಗೆ ದೊಡ್ಡ ಪ್ರಮಾಣದ ನಿದರ್ಶನಗಳು ರಾಯಚೂರಿನ ಆಚೆಗಿನ ಊರುಗಳಲ್ಲಿವೆ. ಉತ್ತರ ಕರ್ನಾಟಕಕ್ಕೆ ಹತ್ತಿರದ ಸಾಂಗ್ಲಿಯಲ್ಲಿ ಗಾಡ್ಗೀಳ್ ಮನೆತನ 1832ರಲ್ಲಿ ಅಂಗಡಿ ತೆರೆಯಿತು. ಪುಣೆಯಲ್ಲಿ ಅಂಗಡಿ ಇಡಲು ಅವರಿಗೆ 1958ರವರೆಗೆ ಬೇಕಾಯಿತು. ಅಂದರೆ ಒಂದೂಕಾಲು ಶತಮಾನ. ಬೆಂಗಳೂರಿನಲ್ಲಿ ಸಿ. ಕೃಷ್ಣಯ್ಯ ಚೆಟ್ಟಿ ಅವರ ಮನೆತನ 1869ರಿಂದ ಇದೇ ವ್ಯಾಪಾರದಲ್ಲಿದೆ. ದಂಡು ಪ್ರದೇಶದ ಗಿರಾಕಿಗಳನ್ನೂ ಸಂಸ್ಥಾನದ ಗಣ್ಯರನ್ನೂ ನೆಚ್ಚಿಕೊಂಡು ಬೆಳೆದ ಆ ಸಂಸ್ಥೆ ಇಂದಿಗೂ ಅದೇ ಕುಟುಂಬದ ಕೈಯಲ್ಲಿದೆ. ಉಡುಪಿ ಮೂಲದ ಭೀಮ ಭಟ್ಟರು 1925ರಲ್ಲಿ ಕೇರಳದ ಆಲಪ್ಪುಳದಲ್ಲಿ ಅಂಗಡಿ ಇಟ್ಟರು. ಅವರ ಮಕ್ಕಳು, ಮೊಮ್ಮಕ್ಕಳು ಬೇರೆ ಬೇರೆ ಊರುಗಳಲ್ಲಿ ಅದೇ ಹೆಸರಿನಲ್ಲಿ ವ್ಯಾಪಾರ ಹಬ್ಬಿಸಿದರು. ಹೆಸರು ಒಂದು, ಲೆಕ್ಕ ಬೇರೆ. ಕೂಡು ಕುಟುಂಬ ಪಾಲಾಗುವಾಗ ಹೊಲವನ್ನು ತುಂಡು ಮಾಡಬಹುದು, ಹೆಸರನ್ನು ತುಂಡು ಮಾಡಲಾಗದು. ಸಾಂಗ್ಲಿಯ ಮನೆತನವೂ ಮುಂದೆ ಹೀಗೆಯೇ ಕವಲೊಡೆಯಿತು.

ರಾಯಚೂರಿನ ಸರಾಫರಲ್ಲಿ ಅಷ್ಟು ದೊಡ್ಡದಾಗಿ ಹಬ್ಬಿದವರಿಲ್ಲದಿದ್ದರೂ ಮನಸ್ಸಿನ ಲೆಕ್ಕಾಚಾರ ಅದೇ. ಆದರೆ ಇಲ್ಲಿನ ದಾರಿಯನ್ನು ಒಮ್ಮೆ ದೊಡ್ಡದಾಗಿ ಮುರಿದದ್ದು ಸರ್ಕಾರದ ಆಜ್ಞೆ. 1962ರ ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಅಂದಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. ಹದಿನಾಲ್ಕು ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವಂತಿಲ್ಲ ಎಂದಾಯಿತು. ಇಪ್ಪತ್ತೆರಡು ಕ್ಯಾರೆಟ್ಟಿನ ಮೆತ್ತನೆಯ ಚಿನ್ನಕ್ಕೆ ಹೊಂದಿಕೊಂಡಿದ್ದ ಕೈಗಳಿಗೆ ಹದಿನಾಲ್ಕರ ಗಡಸು ಲೋಹ ಬಗ್ಗಲಿಲ್ಲ. ಅದನ್ನು ಕೊಳ್ಳಲು ಗಿರಾಕಿಯೂ ಬರಲಿಲ್ಲ. ದೇಶದುದ್ದಕ್ಕೂ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಹಲವರು ಪ್ರಾಣವನ್ನೇ ಕಳೆದುಕೊಂಡರು. 1966ರಲ್ಲಿ ಕ್ಯಾರೆಟ್ ನಿರ್ಬಂಧ ಸಡಿಲವಾದರೂ 1968ರ ಚಿನ್ನ ನಿಯಂತ್ರಣ ಕಾಯ್ದೆ ಉಳಿದ ಬಿಗಿಯನ್ನು ಮುಂದುವರಿಸಿತು. ವ್ಯಾಪಾರಿಗೆ ಪರವಾನಗಿ, ಅಕ್ಕಸಾಲಿಗನಿಗೆ ಪ್ರಮಾಣಪತ್ರ, ಗಟ್ಟಿ ಚಿನ್ನ ಇಟ್ಟುಕೊಳ್ಳಲು ಮಿತಿ, ಪ್ರತಿ ಗ್ರಾಮಿಗೂ ಪುಸ್ತಕ. ಕಾಯ್ದೆ ರದ್ದಾದದ್ದು 1990ರಲ್ಲಿ. ಇಪ್ಪತ್ತೇಳು ವರ್ಷ ಎಂದರೆ ಒಂದು ತಲೆಮಾರು. ಪರವಾನಗಿ ಇದ್ದ ಅಂಗಡಿಯವರು ಬೆಳ್ಳಿ ಮಾರುತ್ತ, ದುರಸ್ತಿ ಮಾಡಿಸುತ್ತ ಹೇಗೋ ತಡೆದುಕೊಂಡರು. ಮನೆಯ ಪಡಸಾಲೆಯಲ್ಲಿ ಕುಲುಮೆ ಇಟ್ಟುಕೊಂಡಿದ್ದ ಪತ್ತಾರ, ಮಗನನ್ನು ಬೇರೆ ಕೆಲಸಕ್ಕೆ ಹಚ್ಚಿದ. ಈ ಪೆಟ್ಟಿನ ಗುರುತು ಕಾಣಬೇಕಾದರೆ ನಗರ ಬಿಟ್ಟು ತಾಲ್ಲೂಕಿನತ್ತ ಹೋಗಬೇಕು.

ರಾಯಚೂರಿನಿಂದ ವಾಯುವ್ಯಕ್ಕೆ, ಐವತ್ತು ಕಿಲೋಮೀಟರು ದಾಟಿದರೆ ದೇವದುರ್ಗ. ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು, ಶಾಸನಗಳು ಇರುವ ಈ ಊರನ್ನು ಇಂದು ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅದರ ಹಿಂದಿನ ದೊಡ್ಡಸ್ತಿಕೆ ತಿಳಿಯುವುದು ಕಷ್ಟ. ಹೊನ್ನು, ಗದ್ಯಾಣಗಳ ಲೆಕ್ಕದಲ್ಲಿ ದಾನದತ್ತಿ ಬರೆಸುತ್ತಿದ್ದ ಕಾಲ ಅದು. ಗಬ್ಬೂರಿನಿಂದ ಮುಂದೆ ಎರೆಹೊಲ, ತೊಗರಿ, ಹತ್ತಿ, ಅಲ್ಲಲ್ಲಿ ಕಲ್ಲುಗುಡ್ಡ. ದೇವದುರ್ಗ ಬೇಡ ನಾಯಕರ ಕೋಟೆಯೂರು. ಕೃಷ್ಣೆ ಪಕ್ಕದಲ್ಲೇ ಹರಿದರೂ ತಾಲ್ಲೂಕಿನ ಬಹುಪಾಲು ನೆಲ ಬಹುಕಾಲ ಮಳೆಯನ್ನೇ ನಂಬಿತ್ತು. ಮಳೆ ತಪ್ಪಿದರೆ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವುದು ಇಲ್ಲಿನ ಬಡ ಕುಟುಂಬಗಳ ಪಾಡು. ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆ ಬಂದ ಮೇಲೆ ಒಂದಿಷ್ಟು ಹೊಲಕ್ಕೆ ನೀರು ಹತ್ತಿದೆ.

ಇದೇ ತಾಲ್ಲೂಕಿನ ಊಟಿ ಎಂಬಲ್ಲಿ ಚಿನ್ನದ ಅದಿರು ಇದೆ. ಹಟ್ಟಿ ಚಿನ್ನದ ಗಣಿ ಕಂಪನಿ ಅಲ್ಲಿ ಅದಿರು ತೆಗೆದು ಲಾರಿಗಳಲ್ಲಿ ಹಟ್ಟಿಗೆ ಸಾಗಿಸುತ್ತ ಬಂದಿದೆ. 1947ರಲ್ಲಿ ನಿಜಾಮರ ಆಡಳಿತದಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಹುಟ್ಟಿದ ಈ ಕಂಪನಿ, 1956ರಲ್ಲಿ ರಾಯಚೂರು ಕನ್ನಡ ನಾಡಿಗೆ ಸೇರಿದಾಗ ರಾಜ್ಯದ ಪಾಲಿಗೆ ಬಂತು. 2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದಲ್ಲಿ ಹೇಳಿಕೊಳ್ಳುವಂತಹ ಚಿನ್ನದ ಗಣಿಯೆಂದರೆ ಹಟ್ಟಿಯೇ. ಒಂದು ಟನ್ ಕಲ್ಲನ್ನು ಪುಡಿ ಮಾಡಿ, ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆದರೆ ಸಿಗುವುದು ಕೆಲವೇ ಗ್ರಾಂ. ಒಂದು ಉಂಗುರಕ್ಕೆ ಸಾಕಾಗುವಷ್ಟು. ಊಟಿಯ ಪಕ್ಕದ ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳು ಮಗಳ ಮದುವೆಗೆ ಅದೇ ಒಂದು ಉಂಗುರ ಮಾಡಿಸಲು ವರ್ಷಗಟ್ಟಲೆ ಕೂಡಿಡಬೇಕು. ನೆಲದ ಸಂಪತ್ತು ನೆಲದ ಮಗಳಿಗೆ ದಕ್ಕುವ ಬಗೆ ಇಷ್ಟು ಸುತ್ತುದಾರಿಯದು.

ದೇವದುರ್ಗದಂತಹ ಊರಿನಲ್ಲಿ ಅಂಗಡಿಗೂ ಮೊದಲು ಇದ್ದದ್ದು ಪತ್ತಾರನ ಮನೆ. ಕುಲುಮೆ, ಊದುಗೊಳವೆ, ಅಡಿಗಲ್ಲು, ಚಿಮಟ, ಗುಲಗಂಜಿಯ ತೂಕದ ತಕ್ಕಡಿ ಅವನ ಆಸ್ತಿ. ಗಿರಾಕಿ ತನ್ನದೇ ಹಳೆ ಚಿನ್ನ ತಂದು ಎದುರು ಕೂತು ಕರಗಿಸುತ್ತಿದ್ದ; ಪತ್ತಾರನಿಗೆ ಸಿಗುತ್ತಿದ್ದದ್ದು ಮಜೂರಿ. ಈ ಸೀಮೆಯ ಒಡವೆಗಳಲ್ಲಿ ಬೋರಮಾಳದಷ್ಟು ಪ್ರೀತಿಯದು ಕಡಿಮೆ. ಬೋರೆಹಣ್ಣಿನಾಕಾರದ ಗುಂಡುಗಳ ಸರ ಅದು. ಚಿನ್ನವನ್ನು ಕಾಗದದಷ್ಟು ತೆಳ್ಳಗೆ ತಗಡು ಬಡಿದು, ಅಚ್ಚಿನಲ್ಲಿ ಒತ್ತಿ, ಎರಡು ಹೋಳುಗಳನ್ನು ಬೆಸೆದು ಪೊಳ್ಳು ಗುಂಡು ಮಾಡುತ್ತಾರೆ. ಹಾಗೆಯೇ ಬಿಟ್ಟರೆ ಬೆರಳು ತಾಗಿದರೂ ನೆಗ್ಗುತ್ತದೆ. ಆದ್ದರಿಂದ ಒಳಗೆ ಅರಗು ತುಂಬಿ, ದಾರದಲ್ಲಿ ಪೋಣಿಸುತ್ತಾರೆ. ಕಡಿಮೆ ಚಿನ್ನದಲ್ಲಿ ಕೊರಳು ತುಂಬಿದಂತೆ ಕಾಣಬೇಕು ಎಂಬ ಬಡವರ ಆಸೆಗೆ ಪತ್ತಾರ ಕಂಡುಕೊಂಡ ಉತ್ತರ ಇದು. ಆದರೆ ಈ ಒಡವೆಯನ್ನು ಮಾರಲು ಒಯ್ದಾಗ ಅರಗಿನ ತೂಕವೆಷ್ಟು, ಬೆಸುಗೆಯ ಕಲಬೆರಕೆ ಎಷ್ಟು, ಚೊಕ್ಕ ಚಿನ್ನವೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಮಾಡಿದವನೇ ಕೊಂಡರೆ ಸರಿ. ಏಕೆಂದರೆ ಎಷ್ಟು ಅರಗು ತುಂಬಿದ್ದೇನೆಂದು ಅವನಿಗೆ ಗೊತ್ತು. ಬೇರೊಂದು ಊರಿನ ಅಂಗಡಿಯವನು ಅನುಮಾನದಿಂದಲೇ ನೋಡುತ್ತಾನೆ. ಗಿರಾಕಿ ಒಂದೇ ಮನೆತನಕ್ಕೆ ತಲೆಮಾರುಗಟ್ಟಲೆ ಅಂಟಿಕೊಂಡದ್ದು ಬರೀ ಮಮತೆಯಿಂದಲ್ಲ. ಒಡವೆಯ ಒಳಗೆ ಏನಿದೆ ಎಂಬ ತಿಳಿವಳಿಕೆ ಆ ಮನೆಯಲ್ಲಷ್ಟೇ ಇತ್ತು.

ಬೋರಮಾಳದ ಜೊತೆಗೆ ಟೀಕಿ, ಬೆಂಡೋಲೆ, ಝುಮಕಿ, ಬಿಲ್ವಾರ, ಪಾಟ್ಲಿ, ತೋಳಿಗೆ ವಂಕಿ, ನಡುವಿಗೆ ಡಾಬು. ಇವುಗಳಲ್ಲಿ ಎಷ್ಟೋ ಒಡವೆಗಳನ್ನು ಮಾಡುವ ಕೈಗಳು ಈಗ ತಾಲ್ಲೂಕಿನಲ್ಲಿ ಅಪರೂಪ. ಬೆಳ್ಳಿಯ ಕೆಲಸ ಮಾತ್ರ ಒಂದಿಷ್ಟು ಉಳಿದಿದೆ. ಲಿಂಗಾಯತರ ಮನೆಗಳಲ್ಲಿ ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆ, ಹರಕೆಗೆ ಒಪ್ಪಿಸುವ ಬೆಳ್ಳಿಯ ಕಣ್ಣು, ನಾಗರಪಂಚಮಿಯ ನಾಗಪ್ಪ, ಮಗುವಿನ ಉಡಿದಾರ, ಕಾಲ್ಗಡಗ. ಜಾತ್ರೆ, ಪಂಚಮಿ ಬಂದರೆ ಸಣ್ಣ ಅಂಗಡಿಗಳಿಗೂ ಕೈತುಂಬ ಕೆಲಸ. ಉಳಿದ ದಿನ ಮುರಿದ ಕೊಂಡಿ ಬೆಸೆಯುವುದು, ಮೂಗುಬೊಟ್ಟಿನ ತಿರುಪು ಹಾಕುವುದು, ಗುಳದಾಳಿ ಪೋಣಿಸುವುದು.

ದೇವದುರ್ಗದಲ್ಲಿ ವ್ಯಾಪಾರದ ತಿಂಗಳುಗಳನ್ನು ನಿರ್ಧರಿಸುವುದು ಹತ್ತಿ. ಹತ್ತಿ ಬಿಡಿಸಿ, ರಾಯಚೂರಿನ ರಾಜೇಂದ್ರ ಗಂಜಿಗೆ ಒಯ್ದು ಮಾರಿದ ಮೇಲೆಯೇ ಮದುವೆಯ ಮಾತು. “ಸಾವ್ಕಾರ್ರ, ಹತ್ತಿ ಮಾರಿದ ಮ್ಯಾಲ ಲೆಕ್ಕಾ ಚುಕ್ತಾ ಮಾಡ್ತೀವ್ರಿ” ಎಂಬ ಮಾತಿನ ಮೇಲೆ ತಾಳಿ, ಕಾಲುಂಗುರ ಕೊಟ್ಟು ಕಳಿಸುವ ಅಂಗಡಿಗಳು ಇಂತಹ ಊರುಗಳಲ್ಲಿ ಇನ್ನೂ ಇವೆ. ಹಾಗೆ ಕೊಡುವವನಿಗೆ ಗಿರಾಕಿಯ ಹೊಲವೆಷ್ಟು, ಈ ಸಲ ಹುಳ ಬಿದ್ದಿತೋ ಇಲ್ಲವೋ, ಹಿರಿಮಗ ಗುಳೆ ಹೋದನೋ ಎಂಬುದೆಲ್ಲ ಗೊತ್ತಿರಬೇಕು. ಅಜ್ಜ ಕೊಟ್ಟ ಉದ್ರಿಯನ್ನು ಮೊಮ್ಮಗ ವಸೂಲು ಮಾಡುವ ಊರಿನಲ್ಲಿ ಅಂಗಡಿಯ ನಿಜವಾದ ಬಂಡವಾಳ ಈ ತಿಳಿವಳಿಕೆ. ಇದನ್ನು ಬೇರೆ ಊರಿನ ಶಾಖೆಗೆ ಸಾಗಿಸುವುದು ಹೇಗೆ ಎಂಬುದೇ ಚಿನ್ನದಂಗಡಿಯ ಪ್ರತಿ ಮನೆತನವೂ ಎದುರಿಸಿದ ಪ್ರಶ್ನೆ. ತಮ್ಮನನ್ನು ಕಳಿಸುವುದು ಹಳೆಯ ಉತ್ತರ. ತಮ್ಮಂದಿರು ಮುಗಿದ ಮೇಲೆ ಏನು ಎಂಬುದಕ್ಕೆ ಉತ್ತರ ಬಂದದ್ದು ಈಚೆಗೆ. ಅದರ ಪರಿಣಾಮ ದೇವದುರ್ಗಕ್ಕಿಂತ ಮಾನ್ವಿಯಲ್ಲಿ ಹೆಚ್ಚು ಸ್ಪಷ್ಟ.

ದೇವದುರ್ಗದಿಂದ ದಕ್ಷಿಣಕ್ಕೆ, ಸಿರವಾರದ ಕಡೆಯಿಂದ ಮಾನ್ವಿಗೆ ಬರುವಾಗ ನೆಲದ ಬಣ್ಣವೇ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಕಡೆ ಭತ್ತದ ಗದ್ದೆ, ಅಕ್ಕಿ ಗಿರಣಿ, ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪುಗಳು. 1953ರಲ್ಲಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಣದ ಹರಿವು ಬೇರೆಯಾಯಿತು. ಕ್ಯಾಂಪಿನ ತೆಲುಗು ಮನೆಗಳ ಹೆಣ್ಣುಮಕ್ಕಳು ತಮ್ಮ ಕಡೆಯ ಹಾರ, ಬಳೆ, ವಡ್ಡಾಣದ ನಮೂನೆಗಳನ್ನು ಕೇಳಿದರು. ಅಂಗಡಿಯವರು ಹೈದರಾಬಾದಿನಿಂದ ಆ ನಮೂನೆ ತರಿಸಿದರು. ಕಾಲುವೆಯ ಕೊನೆಯಂಚಿನಲ್ಲಿರುವ ಮಾನ್ವಿ, ರಾಯಚೂರಿನ ರೈತರಿಗೆ ನೀರು ತಲುಪದ ವರ್ಷಗಳೂ ಬಹಳ. ಕೊನೆಭಾಗಕ್ಕೆ ನೀರು ಬಿಡಿ ಎಂಬ ಹೋರಾಟ ನಡೆದ ವರ್ಷ ಚಿನ್ನದಂಗಡಿಗೆ ಬರುವವರು ಕೊಳ್ಳಲು ಬರುವುದಿಲ್ಲ, ಒತ್ತೆಯಿಡಲು ಬರುತ್ತಾರೆ.

ಒಡವೆಯ ವ್ಯಾಪಾರದ ಜೊತೆ ಮಾನ್ವಿಗೆ ಇನ್ನೊಂದು ನಂಟಿದೆ. ಇದು ಹರಿದಾಸರ ಸೀಮೆ. ವಿಜಯದಾಸರ ಚೀಕಲಪರ್ವಿ ಇದೇ ತಾಲ್ಲೂಕಿನ ತುಂಗಭದ್ರೆಯ ದಂಡೆಯಲ್ಲಿದೆ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದರು. ಇವರೆಲ್ಲರೂ ಗುರುವೆಂದು ನೆನೆದ ಪುರಂದರದಾಸರು ಪೂರ್ವಾಶ್ರಮದಲ್ಲಿ ಶ್ರೀನಿವಾಸ ನಾಯಕನೆಂಬ ಚಿನಿವಾರ, ಒಡವೆ ಒತ್ತೆ ಹಿಡಿಯುವ ವರ್ತಕ. ಬಡ ಬ್ರಾಹ್ಮಣನಿಗೆ ಹೆಂಡತಿ ದಾನ ಕೊಟ್ಟ ಮೂಗುತಿ ತನ್ನದೇ ಅಂಗಡಿಗೆ ಮಾರಾಟಕ್ಕೆ ಬಂದದ್ದನ್ನು ಗುರುತಿಸಿದ್ದರಿಂದ ಅವನ ಬಾಳು ತಿರುಗಿತೆಂಬ ಕಥೆ ಮಾನ್ವಿಯ ಆರಾಧನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಭಕ್ತರು ಅದರಲ್ಲಿ ವೈರಾಗ್ಯವನ್ನು ಕಾಣುತ್ತಾರೆ. ವ್ಯಾಪಾರದ ಕಣ್ಣಿಗೆ ಕಾಣುವುದು ಮತ್ತೊಂದು ಸಂಗತಿ: ಊರಿನಲ್ಲಿ ಯಾರ ಒಡವೆ ಯಾವುದೆಂದು ನೋಟದಲ್ಲೇ ಗುರುತು ಹಿಡಿಯಬಲ್ಲವನೇ ಒಳ್ಳೆಯ ಚಿನಿವಾರ. ಆ ಗುರುತಿನ ಶಕ್ತಿಯಿಲ್ಲದೆ ಕಥೆಯೇ ನಡೆಯುವುದಿಲ್ಲ.

ಗುರುತಿನ ಈ ವ್ಯಾಪಾರವನ್ನು 1990ರ ದಶಕ ಬದಲಾಯಿಸಿತು. ನಿಯಂತ್ರಣ ಕಾಯ್ದೆ ಹೋದ ಮೇಲೆ ದೊಡ್ಡ ಬಂಡವಾಳಕ್ಕೆ ಬಾಗಿಲು ತೆರೆಯಿತು. 1993ರಲ್ಲಿ ತ್ರಿಶ್ಶೂರಿನ ಜವಳಿ ವರ್ತಕರ ಮನೆತನದಿಂದ ಕಲ್ಯಾಣ್ ಜ್ಯುವೆಲರ್ಸ್ ಹೊರಟಿತು. ಅದೇ ವರ್ಷ ಕೋಳಿಕ್ಕೋಡಿನಲ್ಲಿ ಮಲಬಾರ್ ಗೋಲ್ಡ್. ಟಾಟಾ ಸಮೂಹದ ತನಿಷ್ಕ್ ತನ್ನ ಮೊದಲ ಮಳಿಗೆ ತೆರೆದದ್ದು 1996ರಲ್ಲಿ. ಅದಕ್ಕೆ ಮನೆತನದ ಹೆಸರೇ ಇರಲಿಲ್ಲ. ಕ್ಯಾರೆಟ್ ಅಳೆಯುವ ಯಂತ್ರವನ್ನು ಗಿರಾಕಿಯ ಕಣ್ಣೆದುರು ಇಟ್ಟು ಅದು ನಂಬಿಕೆ ಗಳಿಸಿತು. ಒರೆಗಲ್ಲನ್ನು ಓದುವ ಕಣ್ಣಿನ ಕೆಲಸವನ್ನು ಯಂತ್ರ ಮಾಡತೊಡಗಿದ ಮೇಲೆ, ಅಪ್ಪನ ಪಕ್ಕದಲ್ಲಿ ಕೂತು ಕಲಿತ ಮಗನೇ ಗಲ್ಲೆಯಲ್ಲಿರಬೇಕೆಂಬ ಕಟ್ಟು ಸಡಿಲಾಯಿತು. ತಮ್ಮಂದಿರು ಮುಗಿದ ಮೇಲೂ ಶಾಖೆ ತೆರೆಯಬಹುದೆಂದಾಯಿತು. ಕೇರಳದ, ಚೆನ್ನೈನ ಸರಣಿ ಮಳಿಗೆಗಳು ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ದಾಟಿ ಕಲ್ಯಾಣ ಕರ್ನಾಟಕದ ಜಿಲ್ಲಾ ಕೇಂದ್ರಗಳತ್ತ ಮುಖ ಮಾಡಿದವು. ಮಾನ್ವಿಯ ಭತ್ತದ ರೈತನಿಗೆ ರಾಯಚೂರು ನಲವತ್ತು ಚಿಲ್ಲರೆ ಕಿಲೋಮೀಟರು. ಮದುವೆಯ ಜವಳಿಗೆ ಹೋದವರು ಒಡವೆಯನ್ನೂ ಅಲ್ಲಿಯೇ ನೋಡಿಕೊಂಡು ಬರಲು ತೊಡಗಿದರು.

ಹಬ್ಬದ ಅರ್ಥವೂ ಇದರ ಜೊತೆ ಬದಲಾಯಿತು. ವೈಶಾಖ ಶುದ್ಧ ತದಿಗೆ ಉತ್ತರ ಕರ್ನಾಟಕಕ್ಕೆ ಮೊದಲಿನಿಂದ ಬಸವ ಜಯಂತಿ. ಎತ್ತುಗಳ ಮೆರವಣಿಗೆ, ಸಾಮೂಹಿಕ ಮದುವೆ, ಅನ್ನಸಂತರ್ಪಣೆಯ ದಿನ. ಅದೇ ತಿಥಿ ಅಕ್ಷಯ ತೃತೀಯವೂ ಹೌದು. ಆ ದಿನ ಒಂದು ಗ್ರಾಮಾದರೂ ಚಿನ್ನ ಕೊಳ್ಳಬೇಕೆಂಬ ರೂಢಿ ಇಲ್ಲಿನ ಹಳ್ಳಿಗಳಿಗೆ ಬಂದದ್ದು ಪಂಚಾಂಗದಿಂದಲ್ಲ, ಟಿವಿಯ ಜಾಹೀರಾತಿನಿಂದ. ಹೊನ್ನನ್ನು ಮಾಯೆಯೆಂದು ಎಣಿಸದೆ ಮನದ ಮುಂದಣ ಆಸೆಯನ್ನೇ ಮಾಯೆಯೆಂದು ತಿಳಿದ ಶರಣರ ನಾಡಿನಲ್ಲಿ, ಸರಳ ಮದುವೆಯ ದಿನವೇ ಚಿನ್ನದ ಸಾಲಿನ ದಿನವಾದದ್ದು ವಿಷಾದದ ಸಂಗತಿ. ಸಣ್ಣ ಅಂಗಡಿಯವರೂ ಬೇರೆ ದಾರಿಯಿಲ್ಲದೆ ಆ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿ ಕಾಯುತ್ತಾರೆ.

ಗಿರವಿಯ ಕಡೆಯಲ್ಲೂ ಇದೇ ನಡೆಯಿತು. ಮುತ್ತೂಟ್, ಮಣಪ್ಪುರಂ ಎಂಬ ಕೇರಳದ ಮನೆತನಗಳ ಹಣಕಾಸು ಕಂಪನಿಗಳು ತಾಲ್ಲೂಕು ಕೇಂದ್ರಗಳವರೆಗೂ ಬಂದವು. ಒಡವೆಯ ಬೆಲೆಯ ಇಂತಿಷ್ಟು ಪಾಲಿನವರೆಗೆ ಸಾಲ ಎಂಬ ರಿಸರ್ವ್ ಬ್ಯಾಂಕಿನ ಮಿತಿ, ಅಚ್ಚಾದ ರಸೀದಿ, ಗೊತ್ತಾದ ಬಡ್ಡಿ. ಊರಿನ ಸಾವ್ಕಾರನ ಎದುರು ತಲೆ ತಗ್ಗಿಸಿ ನಿಲ್ಲಬೇಕಾಗಿದ್ದ ಹೆಣ್ಣುಮಗಳಿಗೆ ಗುರುತಿಲ್ಲದ ಕೌಂಟರು ಹಗುರವೆನಿಸಿತು. ಆದರೆ ಮಳೆ ತಪ್ಪಿದ ವರ್ಷ ಇನ್ನೊಂದು ಸುಗ್ಗಿಯವರೆಗೆ ತಡೆಯಿರಿ ಎಂದು ಕೌಂಟರಿಗೆ ಹೇಳಲು ಬರುವುದಿಲ್ಲ. ಅವಧಿ ಮುಗಿದರೆ ನೋಟಿಸು, ಆಮೇಲೆ ಹರಾಜು. ಎರಡರಲ್ಲಿ ಯಾವುದು ಲೇಸೆಂದು ಒಂದೇ ಮಾತಿನಲ್ಲಿ ಹೇಳಲಾಗದು.

ಕೊನೆಗೆ ಬಂದದ್ದು ಸರ್ಕಾರದ ಮುದ್ರೆ. ಭಾರತೀಯ ಮಾನಕ ಬ್ಯೂರೋ ಚಿನ್ನದ ಹಾಲ್‌ಮಾರ್ಕ್ ಆರಂಭಿಸಿದ್ದು 2000ದಲ್ಲಿ. ಅದು ಕಡ್ಡಾಯವಾದದ್ದು 2021ರ ಜೂನ್‌ನಿಂದ, ಮೊದಲ ಹಂತದಲ್ಲಿ ದೇಶದ 256 ಜಿಲ್ಲೆಗಳಲ್ಲಿ. ಅದೇ ವರ್ಷದ ಜುಲೈಯಿಂದ ಪ್ರತಿ ಒಡವೆಗೂ ಆರು ಅಕ್ಷರ ಅಂಕಿಗಳ ವಿಶಿಷ್ಟ ಗುರುತು ಬಂತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಎಂದರೆ ಆ ಗುರುತು ಇರಲೇಬೇಕು ಎಂದಾಯಿತು. ಒಡವೆಯ ಒಳಗೇನಿದೆ ಎಂದು ಬೋರಮಾಳ ಮಾಡಿದ ಪತ್ತಾರನಿಗಷ್ಟೇ ಗೊತ್ತಿದ್ದ ಸಂಗತಿ ಈಗ ಮೊಬೈಲ್ ಆ್ಯಪಿನಲ್ಲಿ ಯಾರು ಬೇಕಾದರೂ ನೋಡಬಹುದಾದದ್ದಾಯಿತು. ಗಿರಾಕಿಗೆ ಇದು ನಿಜವಾದ ಲಾಭ. ಇಪ್ಪತ್ತೆರಡು ಎಂದು ಹೇಳಿ ಹದಿನೆಂಟನ್ನು ಕೊಡುತ್ತಿದ್ದ ಅಂಗಡಿಗಳಿಗೆ ಇದು ತಡೆ ಹಾಕಿತು. ತಾನು ಕೊಂಡ ಒಡವೆಯನ್ನು ಯಾವ ಊರಿನಲ್ಲಾದರೂ ನ್ಯಾಯವಾದ ಬೆಲೆಗೆ ಮಾರುವ ದಾರಿಯನ್ನು ಬಡವರಿಗೂ ತೆರೆಯಿತು. ವರ್ಷಕ್ಕೆ ನಲವತ್ತು ಲಕ್ಷ ರೂಪಾಯಿವರೆಗಿನ ವಹಿವಾಟಿನ ಸಣ್ಣ ವ್ಯಾಪಾರಿಗಳಿಗೆ ವಿನಾಯಿತಿ ಇದೆಯಾದರೂ, ಮುದ್ರೆ ಇಲ್ಲದ ಒಡವೆಯನ್ನು ಗಿರಾಕಿಯೇ ಒಲ್ಲೆನ್ನುವುದರಿಂದ ಆ ವಿನಾಯಿತಿಯ ಉಪಯೋಗ ಕಡಿಮೆಯಾಗುತ್ತ ಬಂದಿದೆ.

ಮುದ್ರೆ ಬಂದ ಮೇಲೂ ದೇವದುರ್ಗ, ಮಾನ್ವಿಯ ಮನೆತನದ ಅಂಗಡಿಗಳು ಮುಚ್ಚಿಲ್ಲ. ಕೆಲಸದ ಬಗೆ ಬದಲಾಗಿದೆ. ತಯಾರಾದ ಒಡವೆ ಹೊರಗಿನಿಂದ ಬರುತ್ತದೆ, ಅಂಗಡಿಯವನು ಅದರ ಮೇಲೆ ಕೂಲಿಯ ದರದಲ್ಲಿ ರಿಯಾಯಿತಿ ಕೊಡುತ್ತಾನೆ, ಹಳೆಯ ಒಡವೆ ಕೊಂಡು ಕರಗಿಸಲು ಕಳಿಸುತ್ತಾನೆ, ಹತ್ತಿ ಭತ್ತದ ಲೆಕ್ಕದ ಮೇಲೆ ಉದ್ರಿ ಕೊಡುತ್ತಾನೆ. ಸರಣಿ ಮಳಿಗೆ ಮಾಡಲಾರದ ಕೆಲಸ ಈ ಕೊನೆಯದೊಂದೇ. ಪತ್ತಾರನ ಪಾಡು ಇಷ್ಟು ಸುಲಭವಾಗಿ ಬಗೆಹರಿದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳ ಪಟ್ಟಿಯಲ್ಲಿ ಅಕ್ಕಸಾಲಿಗರೂ ಇದ್ದಾರೆ. ತರಬೇತಿ, ಸಲಕರಣೆಗೆ ನೆರವು, ಕಡಿಮೆ ಬಡ್ಡಿಯ ಸಾಲ ಅದರಲ್ಲಿದೆ. ಆದರೆ ತಗಡು ಬಡಿದು ಬೋರಮಾಳದ ಗುಂಡು ಬೆಸೆಯುವ ಕೈಕೆಲಸಕ್ಕೆ ಊರಿನಲ್ಲೇ ಕೆಲಸ ಕೊಡುವವರು ಬೇಕು, ಅದನ್ನು ಕೊಡಬಲ್ಲವರು ಈಗಲೂ ಸರಾಫ್ ಬಜಾರಿನ, ಮಾನ್ವಿಯ, ದೇವದುರ್ಗದ ಹಳೆಯ ಅಂಗಡಿಯವರೇ. ಅವರ ಪೈಕಿ ಕೆಲವರು ಮದುವೆಯ ಕಾಲದಲ್ಲಿ ಟೀಕಿ, ಬೋರಮಾಳಗಳನ್ನು ಊರಿನ ಪತ್ತಾರರಿಂದಲೇ ಮಾಡಿಸಿ, ಹಾಲ್‌ಮಾರ್ಕ್ ಕೇಂದ್ರಕ್ಕೆ ಒಯ್ದು ಮುದ್ರೆ ಹಾಕಿಸಿ ತರುತ್ತಾರೆ. ಅರಗು ತುಂಬುವ ಮೊದಲೇ ಪರೀಕ್ಷೆ ಮಾಡಿಸಿಕೊಂಡರೆ ಅನುಮಾನಕ್ಕೆ ಎಡೆಯಿಲ್ಲ. ಒಂದು ಒಡವೆಗೆ ಮುದ್ರೆಯ ಶುಲ್ಕ ತೆರಿಗೆ ಬಿಟ್ಟು ನಲವತ್ತೈದು ರೂಪಾಯಿ.